ಕಿತ್ತೂರಿನಿಂದ ಐಪಿ ಫೋನಿನವರೆಗೆ

ಕೊಳವಳ್ಳಿಯ ನಾವು ಗಡಿನಾಡಿನವರು. ಹೊಳೆಯಾಚೆಯವರನ್ನು ಕೂಗುವಾಗ ಮಾತು ಗಾಳಿಗೆ ಹೋದರೆ ಮತ್ತೊಮ್ಮೆ ಕೂಗುತ್ತೇವೆ. ದೂರದ ಕಚೇರಿಯ ಫೋನಿನಲ್ಲಿ ಮಾತು ತುಂಡಾದರೆ? ಒಮ್ಮೆ ಪರೀಕ್ಷೆಯ ದಿನಾಂಕ ತಿಳಿಸುವ ಕರೆ ಬಂತು. ಮಲಯಾಳದಲ್ಲಿ ಹೇಳಿದ ಸಂಖ್ಯೆಯಲ್ಲಿ ನಮಗೆ ಕೇಳಿಸಿದ್ದು "ಪದಿ..." ಎಂದಷ್ಟೇ. ಹದಿನಾರೋ ಹದಿನೇಳೋ ತಿಳಿಯಲಿಲ್ಲ. ಈ ತೊಂದರೆಯ ಹಿಂದೆ ಒಂದು ಚರಿತ್ರೆಯೇ ಇದೆ.

ಹಳ್ಳಿಯ ದೂರವಾಣಿಯ ಚರಿತ್ರೆಯಲ್ಲಿ ಕನ್ನಡ ನಾಡಿಗೆ ವಿಶೇಷ ಸ್ಥಾನವಿದೆ. 1984ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಆರಂಭವಾಯಿತು. ಹವಾನಿಯಂತ್ರಣವಿಲ್ಲದೆ, ಸೆಖೆ ಧೂಳು ತಾಳಿಕೊಂಡು ಅದು ಕೆಲಸ ಮಾಡಿತು. ಇಂತಹ ಡಿಜಿಟಲ್ ಕೇಂದ್ರಗಳು ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆದು ಅಂಕಿಗಳಾಗಿ ಕಳಿಸುತ್ತವೆ. ಪ್ರತಿ ಕರೆಗೂ 64 ಕಿಲೋಬಿಟ್‌ನ ದಾರಿ ಮೀಸಲು. ಕರೆ ಮುಗಿಯುವವರೆಗೆ ಬೇರಾರೂ ನುಗ್ಗುವಂತಿಲ್ಲ.

ಅಂತರ್ಜಾಲದಲ್ಲಿ ಹಾಗಲ್ಲ. 1974ರಲ್ಲಿ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಡ್ಯಾನಿ ಕೋಹೆನ್ ಮತ್ತು ಸಂಗಡಿಗರು ಧ್ವನಿಯನ್ನು ತುಂಡು ತುಂಡಾಗಿ ಕಳಿಸಿ ನೋಡಿದರು. ಭಾರತದಲ್ಲಿ 2002ರ ಏಪ್ರಿಲ್ 1ರಿಂದ ಅಂತರ್ಜಾಲ ದೂರವಾಣಿಗೆ ಅನುಮತಿ ದೊರೆಯಿತು. ಐಪಿ ಫೋನು ಸಾಮಾನ್ಯವಾಗಿ ಸೆಕೆಂಡಿಗೆ 50 ತುಂಡುಗಳನ್ನು ಕಳಿಸುತ್ತದೆ. ಇಮೇಲ್, ಕಡತ, ಚಿತ್ರಗಳ ಜೊತೆ ಒಂದೇ ದಾರಿಯಲ್ಲಿ ಅವು ಸಾಗಬೇಕು. ಕೆಲವು ತಡವಾಗುತ್ತವೆ, ಕೆಲವು ಹಿಂದುಮುಂದಾಗುತ್ತವೆ, ಕೆಲವು ಕಳೆದೇ ಹೋಗುತ್ತವೆ. ಮಾತು ಹೊರಟು 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ. ಹೆಚ್ಚು ತಡವಾದರೆ ಇಬ್ಬರೂ ಒಟ್ಟಿಗೆ ಮಾತನಾಡತೊಡಗುತ್ತಾರೆ.

ಪರಿಹಾರವಿದೆ. ಒಂದು ಕರೆಗೆ ಎರಡೂ ದಿಕ್ಕಿಗೆ ಸುಮಾರು 80 ಕಿಲೋಬಿಟ್ ಬೇಕು. ಹತ್ತು ಕರೆಗಳಿಗೆ 800. ದೂರದ ಸಣ್ಣ ಕಚೇರಿಯಲ್ಲಿ ಯಾರಾದರೂ ದೊಡ್ಡ ಕಡತ ಕಳಿಸಿದರೆ ಹೊರಹೋಗುವ ದಾರಿ ತುಂಬಿ ಮಾತು ಹರಿಯುತ್ತದೆ. ಆದ್ದರಿಂದ ಧ್ವನಿಯ ತುಂಡುಗಳಿಗೆ ಗುರುತು ಹಾಕಿ, ಆಂಬುಲೆನ್ಸಿಗೆ ದಾರಿ ಬಿಡುವಂತೆ, ರೂಟರ್ ಮೊದಲು ಅವನ್ನೇ ಬಿಡುವ ಏರ್ಪಾಡು ಮಾಡಬೇಕು. ಫೋನಿಗೆ ವೈಫೈಗಿಂತ ತಂತಿಯ ಸಂಪರ್ಕ ಒಳ್ಳೆಯದು.

ಇದು ಕೇವಲ ಯಂತ್ರದ ವಿಷಯವಲ್ಲ. ತಾಯ್ನುಡಿಯಲ್ಲಿ ಒಂದು ಅಕ್ಷರ ಹಾರಿದರೆ ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಕಲಿತ ಭಾಷೆಯಲ್ಲಿ ಅದು ಕಷ್ಟ. ನಮ್ಮ ಮಕ್ಕಳ ಹೆತ್ತವರು ಕಚೇರಿಯ ಮಾತನ್ನು ಕೇಳುವುದು ಹೆಚ್ಚಾಗಿ ಮಲಯಾಳದಲ್ಲಿ. ಕೆಟ್ಟ ಲೈನಿನ ಪೆಟ್ಟು ಭಾಷಾ ಅಲ್ಪಸಂಖ್ಯಾತರಿಗೇ ಜೋರು. ಅಂದು ನಾವು ಮತ್ತೆ ಕರೆ ಮಾಡಿ ಕೇಳಿದೆವು, ದಿನಾಂಕ ಹದಿನೇಳು. ಕೇಳದೇ ಹೋಗಿದ್ದರೆ?