ಮಾಸಿನ ಸುದ್ದಿ, ಮಗುವಿನ ಹೆಸರಲ್ಲಿ

1966ರಲ್ಲಿ ಗರ್ಭಜಲದ ಜೀವಕೋಶ ಬೆಳೆಸಿ ಮಗುವಿನ ಕ್ರೋಮೋಸೋಮ್ ಎಣಿಸಿದರು. ಹೊಟ್ಟೆಗೆ ಸೂಜಿ ಚುಚ್ಚಬೇಕಿತ್ತು, ಗರ್ಭಪಾತದ ಭಯವೂ ಇತ್ತು. 1997ರಲ್ಲಿ ಡೆನಿಸ್ ಲೋ ತಂಡ ತಾಯಿಯ ರಕ್ತದಲ್ಲೇ ಭ್ರೂಣದ ಡಿಎನ್‌ಎ ಕಂಡುಹಿಡಿಯಿತು. 2011ರಲ್ಲಿ ಆ ರಕ್ತಪರೀಕ್ಷೆ ಮಾರುಕಟ್ಟೆಗೆ ಬಂತು. ಭ್ರೂಣದ್ದು ಎನ್ನುತ್ತಾರೆ, ಆದರೆ ಆ ತುಣುಕುಗಳು ಬಹುಪಾಲು ಮಾಸಿನವು. ಮಾಸಿನಲ್ಲಿ ದೋಷವಿದ್ದೂ ಮಗು ಸರಿಯಿರಬಹುದು.

ನಾವೇ ಲೆಕ್ಕ ಹಾಕಿ ನೋಡೋಣ. ಹತ್ತು ಸಾವಿರ ಬಸುರಿಯರಲ್ಲಿ ಒಬ್ಬರ ಮಗುವಿಗೆ ಕಾಯಿಲೆ ಇದೆ, ಪರೀಕ್ಷೆ ಸಾವಿರಕ್ಕೊಮ್ಮೆ ಸುಳ್ಳು ಹೇಳುತ್ತದೆ ಅಂತಿಟ್ಟುಕೊಳ್ಳಿ. ಹನ್ನೊಂದು ಪಾಸಿಟಿವ್ ಬಂದರೆ ಹತ್ತು ಸುಳ್ಳು! ‘ಶೇ. 99’ ಎಂಬ ಮಾತಿನಲ್ಲಿ ಇದು ಕಾಣುವುದಿಲ್ಲ.

ಈ ವರದಿಯೊಂದನ್ನೇ ನಂಬಿ ಗರ್ಭ ತೆಗೆಸಿದವರಿದ್ದಾರೆಂದು 2022ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಸಿತು. ಖಚಿತಪಡಿಸಿಕೊಳ್ಳಲು ಇಂದಿಗೂ ಸೂಜಿಯೇ ಬೇಕು.