ಕೊಚ್ಚಿಯ ‘ಕನಾರಿನ್’ರಿಗೆ ಡಚ್ಚರು ಕೊಟ್ಟ ಕಾಗದ

ಕೊಚ್ಚಿಗೆ ಓದಲಿಕ್ಕೋ ಕೆಲಸಕ್ಕೋ ಹೊಸದಾಗಿ ಬರುವವರಿಗೆ, ಮೊದಲೇ ಬಂದು ತಳವೂರಿದವರು ಹೇಳುವ ಬುದ್ಧಿಮಾತೆಲ್ಲ ಕಾಗದದ ಸುತ್ತಲೇ ಸುತ್ತುತ್ತದೆ. ಬಾಡಿಗೆ ಕರಾರು ಬರೆಸಿಕೊ, ಅಡ್ವಾನ್ಸ್ ಕೊಟ್ಟದ್ದಕ್ಕೆ ರಸೀದಿ ಕೇಳು, ಟಿಸಿ, ಮಾರ್ಕ್ಸ್ ಕಾರ್ಡಿನ ನಾಲ್ಕು ನಕಲು ಕೈಯಲ್ಲಿರಲಿ. ಹೊರದೇಶದಿಂದ ಕೊಚ್ಚಿಯ ಕುಸಾಟ್‌ಗೋ ತಿರುವನಂತಪುರದ ಕೇರಳ ವಿಶ್ವವಿದ್ಯಾಲಯಕ್ಕೋ ಬರುವ ಹುಡುಗ ಹುಡುಗಿಯರಿಗೆ ಇದು ಇನ್ನೂ ಬಿಗಿ. ಆರು ತಿಂಗಳು ಮೀರಿದ ವೀಸಾ ಇದ್ದರೆ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. ಇಳಿದುಕೊಂಡ ಮನೆಯ ಮಾಲೀಕ 24 ಗಂಟೆಯೊಳಗೆ ಅವರ ವಿವರ ಕೊಡಬೇಕು.

ಇದೆಲ್ಲ ಬೇಕೇ ಬೇಕು. ಆದರೆ ಮಟ್ಟಾಂಚೇರಿಯ ಇತಿಹಾಸ ಓದುತ್ತ ಹೋದಂತೆ ನನಗೆ ಬೇರೊಂದು ಸಂಗತಿ ಕಾಡತೊಡಗಿತು. ನಮ್ಮ ಕಾಗದಕ್ಕೆ ರುಜು ಹಾಕಿದವನು ಯಾರು, ನಾವು ನಿಂತ ನೆಲ ಯಾರದ್ದು, ಇಬ್ಬರೂ ಒಬ್ಬನೇ ಆಗಿರದಿದ್ದರೆ ಏನಾಗುತ್ತದೆ? ಕೊಚ್ಚಿಯಲ್ಲಿ ಒಂದು ವಲಸಿಗ ಸಮುದಾಯ ಈ ಪ್ರಶ್ನೆಗೆ ಬಹಳ ದೊಡ್ಡ ಬೆಲೆ ತೆತ್ತಿತು.

ಡಚ್ಚರ ದಾಖಲೆಗಳಲ್ಲಿ ಆ ಸಮುದಾಯದ ಹೆಸರು ‘ಕನಾರಿನ್’. ಕನ್ನಡಿಗರಿಗೆ ಈ ಹೆಸರು ಕಂಡ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಮುನ್ನೂರ ಐವತ್ತು ವರ್ಷದ ಹಿಂದೆ ಕೊಚ್ಚಿಯ ಪೇಟೆಯಲ್ಲಿ ನಮ್ಮವರೇ ಕೂತಿದ್ದರೇ ಎಂದು ಹಿಗ್ಗುವ ಮೊದಲು ಒಂದು ಮಾತು. ಇದು ಪೋರ್ಚುಗೀಸರು ಮಾಡಿಟ್ಟ ಗೊಂದಲ. ಗೋವೆಯ ಜನರನ್ನು ಅವರು ಕನಾರಿಮ್ ಎಂದು ಕರೆದರು, ಅವರಾಡುವ ಕೊಂಕಣಿಗೂ ಅದೇ ಹೆಸರಿಟ್ಟರು. ಥಾಮಸ್ ಸ್ಟೀಫನ್ಸ್ ಎಂಬ ಪಾದ್ರಿ ಬರೆದು 1640ರಲ್ಲಿ ಗೋವೆಯ ರಾಯ್ತೂರಿನಲ್ಲಿ ಅಚ್ಚಾದ ‘ಕನಾರಿಮ್ ಭಾಷೆಯ ವ್ಯಾಕರಣ’ ಕೊಂಕಣಿಯದ್ದು, ಕನ್ನಡದ್ದಲ್ಲ. ಹಾಗಾಗಿ ಕೊಚ್ಚಿಯ ಕನಾರಿನ್‌ರೆಂದರೆ ಮುಖ್ಯವಾಗಿ ಗೌಡ ಸಾರಸ್ವತರು, ಕೊಂಕಣಿಗರು. ಆದರೂ ಪೂರ್ತಿ ಹೊರಗಿನವರು ಎಂದು ನಾನು ಒಪ್ಪುವುದಿಲ್ಲ. ಗೋವೆ ಬಿಟ್ಟು ಹೊರಟ ಅದೇ ಜನರ ಒಂದು ಪಾಲು ಭಟ್ಕಳ, ಮಂಗಳೂರುಗಳಲ್ಲಿ ನಿಂತಿತು, ಇನ್ನೊಂದು ಪಾಲು ಕೊಚ್ಚಿಯವರೆಗೆ ನಡೆಯಿತು. ಕಿಣಿ, ಪೈ, ಶೆಣೈ, ಪ್ರಭು ಎಂಬ ಹೆಸರುಗಳು ಮಂಗಳೂರಿನ ಕಾರ್‌ಸ್ಟ್ರೀಟಿನಲ್ಲೂ ಸಿಗುತ್ತವೆ, ಮಟ್ಟಾಂಚೇರಿಯ ಚೆರಳಾಯಿಯಲ್ಲೂ ಸಿಗುತ್ತವೆ.

ಅವರು ಹೊರಟ ಕಾರಣ ಗೊತ್ತಿರುವುದೇ. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ಶುರುವಾಯಿತು. ಆ ದಶಕದಲ್ಲೇ ಸಾಷ್ಟಿ, ಬಾರ್ದೇಶಗಳ ದೇವಸ್ಥಾನಗಳು ನೆಲಸಮವಾದವು. ಕೊಚ್ಚಿಯಲ್ಲಿ ಆಗ ಕೇಶವ ರಾಮವರ್ಮ ರಾಜ. ಈ ರಾಜನ ಅರಮನೆಯ ಪಕ್ಕದಲ್ಲೇ 1568ರಲ್ಲಿ ಯೆಹೂದಿಗಳ ಪರದೇಶಿ ಸಿನಗಾಗ್ ಎದ್ದಿತು. ನಮ್ಮಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು, ಬೈಗುಳಕ್ಕೆ ಹತ್ತಿರದ ಮಾತು. ಮಲಯಾಳಂನಲ್ಲಿ ಅದು ಬರಿಯ ‘ಹೊರಗಿನಿಂದ ಬಂದವನು’, ಆ ಹೆಸರಿನಲ್ಲೇ ದೇವರ ಮನೆ ಕಟ್ಟಿಕೊಳ್ಳಬಹುದು. ಕೊಂಕಣಿಗರಿಗೂ ಅಲ್ಲೇ ಪಕ್ಕದಲ್ಲಿ ನೆಲ ಸಿಕ್ಕಿತು. 1599ರಲ್ಲಿ ತಿರುಮಲ ದೇವರ ಪ್ರತಿಷ್ಠೆಯಾಯಿತೆಂದು ಸಮುದಾಯದ ನೆನಪು. ಅಂದರೆ ಅವರ ಮೊದಲ ಕಾಗದ ಊರಿನ ರಾಜನೇ ಕೊಟ್ಟದ್ದು. ರುಜುವೂ ನೆಲವೂ ಒಬ್ಬನವೇ.

1660ರ ದಶಕದಲ್ಲಿ ಇದು ಬದಲಾಯಿತು. ಕೊಚ್ಚಿಗಾಗಿ ಡಚ್ಚರೂ ಪೋರ್ಚುಗೀಸರೂ ಬಡಿದಾಡಿದರು. 1662ರಲ್ಲಿ ಪೋರ್ಚುಗೀಸರ ಸಿಟ್ಟು ಮಟ್ಟಾಂಚೇರಿಯ ಮೇಲೆ ತಿರುಗಿ ಸಿನಗಾಗೂ ತಿರುಮಲ ದೇವಸ್ಥಾನವೂ ಏಟು ತಿಂದವು. ಗೋವೆಯಲ್ಲಿ ಓಡಿಸಿದವರೇ ನೂರು ವರ್ಷದ ಮೇಲೆ ಇಲ್ಲಿಗೂ ಬಂದು ಕೆಡವಿದ ಹಾಗಾಯಿತು. 1663ರ ಜನವರಿಯಲ್ಲಿ ಕೋಟೆ ಡಚ್ ಕಂಪನಿಯ ಕೈಸೇರಿತು. ಮಾರ್ಚ್ ತಿಂಗಳಲ್ಲಿ ರಾಜನಿಗೂ ಕಂಪನಿಗೂ ಒಪ್ಪಂದವಾಯಿತು. ಕನಾರಿನ್‌ರು ಕಂಪನಿಯ ರಕ್ಷಣೆಗೆ ಬಂದರು. ಅವರ ಮೇಲೆ ಹೊಸ ತೆರಿಗೆ ಹಾಕಲಿಕ್ಕೂ ಅವರ ವ್ಯಾಜ್ಯ ತೀರ್ಮಾನಿಸಲಿಕ್ಕೂ ರಾಜನಿಗೆ ಇನ್ನು ಕೈ ಕಟ್ಟಿದಂತೆ, ಕಂಪನಿಯನ್ನು ಕೇಳಬೇಕು. ಆ ಕಾಲದಲ್ಲಿ ನಿಂತು ನೋಡಿದರೆ ಇದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ. ಎರಡು ಸಲ ಮನೆ ಕಳಕೊಂಡವರು ಫಿರಂಗಿ ಇದ್ದವನ ಆಸರೆ ಹಿಡಿದರೆ ಅವರನ್ನು ದೂರಲು ನನಗಂತೂ ಬಾಯಿ ಬರುವುದಿಲ್ಲ.

ಈ ಕಾಗದದ ನೆರಳಿನಲ್ಲಿ ಒಳ್ಳೆಯದೂ ಆಯಿತು. ಡಚ್ ಗವರ್ನರ್ ಹೆಂಡ್ರಿಕ್ ಫಾನ್ ರೀಡ್ ಮಲಬಾರಿನ ಗಿಡಮರಗಳ ಮೇಲೆ ಒಂದು ಮಹಾಗ್ರಂಥ ಮಾಡಿಸಲು ಹೊರಟಾಗ ಕೊಚ್ಚಿಯ ಮೂವರು ಕೊಂಕಣಿ ವೈದ್ಯರು ಅದರಲ್ಲಿ ಸೇರಿದರು: ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಅವರ ಜೊತೆಗೆ ಚೇರ್ತಲದ ಕಡೆಯ ಕಡಕ್ಕರಪಳ್ಳಿಯ ಈಳವ ವೈದ್ಯ ಇಟ್ಟಿ ಅಚ್ಯುತನ್. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಅದು. 742 ಗಿಡಗಳ ವಿವರ ಅದರಲ್ಲಿದೆ. ಚಿತ್ರಗಳ ಮೇಲೆ ಗಿಡದ ಹೆಸರು ಲ್ಯಾಟಿನ್, ಮಲಯಾಳಂ, ಅರಬಿ ಲಿಪಿಗಳ ಜೊತೆಗೆ ನಾಗರಿಯಲ್ಲಿ ಕೊಂಕಣಿಯ ಹೆಸರನ್ನೂ ಹೊತ್ತಿರುತ್ತದೆ. ಈ ಮೂವರು 1675ರಲ್ಲಿ ಬರೆದುಕೊಟ್ಟ ಕೊಂಕಣಿಯ ಪ್ರಮಾಣಪತ್ರವೂ ಮೊದಲ ಸಂಪುಟದಲ್ಲಿ ಹಾಗೇ ಅಚ್ಚಾಗಿದೆ.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಇಟ್ಟಿ ಅಚ್ಯುತನ್ ಮತ್ತು ಈ ಮೂವರು ಒಂದೇ ಕೆಲಸಕ್ಕೆ ಕೈಹಾಕಿದ್ದು. ವಲಸೆ ಬಂದವರು ತಮ್ಮ ನಿಘಂಟು, ಶ್ಲೋಕಗಳನ್ನು ಹೊತ್ತು ತಂದಿದ್ದರು. ಆದರೆ ಯಾವ ಹಿತ್ತಲಲ್ಲಿ ಯಾವ ಸೊಪ್ಪು ಬೆಳೆಯುತ್ತದೆ, ಅದನ್ನು ಊರವರು ಏನೆಂದು ಕರೆಯುತ್ತಾರೆ ಎಂಬುದು ನೆಲದವನಿಗೇ ಗೊತ್ತು. ಮುನ್ನೂರು ವರ್ಷ ಲ್ಯಾಟಿನ್ನಿನಲ್ಲೇ ಉಳಿದಿದ್ದ ಈ ಪುಸ್ತಕವನ್ನು ಕೆ.ಎಸ್. ಮಣಿಲಾಲ್ ಇಂಗ್ಲಿಷಿಗೂ ಆಮೇಲೆ ಮಲಯಾಳಂಗೂ ತಂದರು. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ 2003 ಮತ್ತು 2008ರಲ್ಲಿ ಅವನ್ನು ಪ್ರಕಟಿಸಿತು. ಸಸ್ಯಶಾಸ್ತ್ರ ಓದಲು ಅಲ್ಲಿಗೆ ಹೋಗುವವರು ಲೈಬ್ರರಿಯಲ್ಲಿ ಕೇಳಿ ನೋಡಬೇಕು.

ಇನ್ನು ಕಥೆಯ ಕಹಿ ಭಾಗ. ನೂರಿಪ್ಪತ್ತು ವರ್ಷ ಕಳೆದವು. ಕಂಪನಿಯ ಆಸರೆಯಲ್ಲಿ ಕೊಂಕಣಿ ವ್ಯಾಪಾರಿಗಳು ಬೆಳೆದರು. ರಾಜನ ಊರಿನ ನಡುವೆಯೇ ರಾಜನ ಕೈಗೆ ಸಿಗದ ಪೇಟೆಯೊಂದು ನಿಂತಿತು. 1770ರ ದಶಕದಲ್ಲಿ ಆಡ್ರಿಯಾನ್ ಮೂನ್ಸ್ ಗವರ್ನರಾಗಿದ್ದಾಗಲೂ ಇವರ ಮೇಲಿನ ಹಕ್ಕು ಯಾರದ್ದೆಂಬ ತಕರಾರು ನಡೆದೇ ಇತ್ತು. 1790ರಲ್ಲಿ ಪಟ್ಟಕ್ಕೆ ಬಂದವನು ರಾಮವರ್ಮ, ಜನರ ಬಾಯಲ್ಲಿ ಶಕ್ತನ್ ತಂಬುರಾನ್. ಆ ಹೊತ್ತಿಗೆ ಟಿಪ್ಪುವಿನ ದಂಡು ಬಂದು ಹೋಗಿತ್ತು. 1791ರ ಜನವರಿಯಲ್ಲಿ ಕೊಚ್ಚಿ ಇಂಗ್ಲಿಷ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಕಪ್ಪ ಕೊಡಲು ಒಪ್ಪಿತು. ರಾಜನಿಗೆ ಹಣ ಬೇಕು. ಹಣ ಇರುವ ಪೇಟೆಯ ಮೇಲೆ ಅವನಿಗೆ ಅಧಿಕಾರವಿಲ್ಲ. ಆ ಪೇಟೆಗೆ ಆಸರೆಯಾದ ಡಚ್ಚರು ಸೊರಗಿದ್ದಾರೆ. ಅದೇ ವರ್ಷ ರಾಜನ ಜನ ಮಟ್ಟಾಂಚೇರಿಯ ಮೇಲೆ ಬಿದ್ದರು. ಅಂಗಡಿಗಳು ಲೂಟಿಯಾದವು. ಮುಖಂಡ ದೇವರೇಶ ಕಿಣಿಯೂ ಇನ್ನು ಕೆಲವರೂ ಕೊಲೆಯಾದರು. ಉಳಿದವರಲ್ಲಿ ಅನೇಕರು ದೇವರ ವಿಗ್ರಹವನ್ನು ಎತ್ತಿಕೊಂಡು ತೆಂಕಲಿಗೆ, ತಿರುವಾಂಕೂರಿನ ಗಡಿಯೊಳಗಿನ ತುರವೂರಿಗೆ ದಾಟಿದರು. 1795ರಲ್ಲಿ ಡಚ್ ಕೋಟೆಯೇ ಇಂಗ್ಲಿಷರ ಪಾಲಾಯಿತು. 1663ರ ಆ ಕಾಗದಕ್ಕೆ ಆಮೇಲೆ ಬೆಲೆ ಕೊಡುವವರು ಯಾರೂ ಇರಲಿಲ್ಲ.

ಶಕ್ತನ್ ತಂಬುರಾನ್ ಹೊರಗಿನವರನ್ನು ಕಂಡರಾಗದ ರಾಜ ಎಂದು ಇದನ್ನು ಮುಗಿಸಿಬಿಡುವುದು ಸುಲಭ. ಆದರೆ ಹಾಗಲ್ಲ. ತೃಶೂರನ್ನು ಕಟ್ಟಿದವನು ಅವನೇ, ಪೂರಂ ಹಬ್ಬಕ್ಕೆ ಈಗಿನ ರೂಪ ಕೊಟ್ಟವನೂ ಅವನೇ. ಸಿರಿಯನ್ ಕ್ರೈಸ್ತ ವ್ಯಾಪಾರಿಗಳನ್ನು ತಾನೇ ಕರೆಸಿ ಆ ಊರಿನಲ್ಲಿ ನೆಲೆ ಕೊಟ್ಟವನು. ತೃಶೂರಿನ ಬಸ್‌ಸ್ಟ್ಯಾಂಡಿಗೆ ಇವತ್ತಿಗೂ ಅವನ ಹೆಸರು. ಬೇರೆ ಊರಿನ ವ್ಯಾಪಾರಿ ಅವನಿಗೆ ಬೇಕಾಗಿದ್ದ, ತನ್ನ ಕಾಗದ ಹಿಡಿದವನಾದರೆ. ಬೇರೆಯವನ ಕಾಗದ ಹಿಡಿದು ತನ್ನ ನೆಲದಲ್ಲಿ ಕೂತವನನ್ನು ಮಾತ್ರ ಅವನು ಸಹಿಸಲಿಲ್ಲ. ಕೊಲೆಗೆ ಇದು ಸಮರ್ಥನೆಯಲ್ಲ. ಆದರೆ ಯಾವುದೇ ದೇಶದಲ್ಲಿ ರಾಯಭಾರ ಕಚೇರಿ, ಕಂಪನಿ, ಏಜೆಂಟು ಹೀಗೆ ದೂರದ ಒಬ್ಬರ ಮಾತಿನ ಮೇಲೆಯೇ ಪೂರ್ತಿ ಭಾರ ಹಾಕಿ, ಕೆಳಗಿನ ಮನೆಯವರ ಹೆಸರೂ ಗೊತ್ತಿಲ್ಲದೆ ಎರಡು ವರ್ಷ ಕಳೆಯುವವರನ್ನು ಕಂಡಾಗ ನನಗೆ ಮಟ್ಟಾಂಚೇರಿ ನೆನಪಾಗುತ್ತದೆ.

ತುರವೂರಿನಿಂದ ದೇವರು ಆಲಪ್ಪುಳಕ್ಕೆ ಹೋದರು. ಅದು ಆಗ ಹೊಸ ಬಂದರು. ತಿರುವಾಂಕೂರಿನ ದಿವಾನ ರಾಜಾ ಕೇಶವದಾಸ ಗುಜರಾತು ಮೊದಲಾದ ಕಡೆಗಳಿಂದ ವ್ಯಾಪಾರಿಗಳನ್ನು ಕರೆದು ಕೂರಿಸುತ್ತಿದ್ದ ಕಾಲ. ಓಡಿ ಬಂದ ಕೊಂಕಣಿಗರಿಗೆ ಅಲ್ಲಿ ಜಾಗ ಸಿಕ್ಕಿತು. ಈ ಸಲ ಮತ್ತೆ ನೆಲದವನ ಕೈಯಿಂದಲೇ. ವಿಗ್ರಹ ಕೊಚ್ಚಿಗೆ ಮರಳಿದ್ದು 1853ರಲ್ಲಿ, ಆರು ದಶಕದ ಮೇಲೆ, ಅದೂ ಆಲಪ್ಪುಳದವರ ಕಣ್ಣು ತಪ್ಪಿಸಿ. ಎರಡೂ ಊರಿನಲ್ಲಿ ಇಂದು ತಿರುಮಲ ದೇವಸ್ವಂ ಇದೆ. ಕೊಚ್ಚಿಯಿಂದ ತಿರುವನಂತಪುರಕ್ಕೆ ಕರಾವಳಿಯ ರೈಲಿನಲ್ಲಿ ಹೋಗುವವರು ತುರವೂರು, ಆಲಪ್ಪುಳ ಎರಡನ್ನೂ ದಾಟಿಯೇ ಹೋಗುತ್ತಾರೆ. ಆಲಪ್ಪುಳದಲ್ಲಿ ಇಳಿಯುವ ವೈದ್ಯಕೀಯ ವಿದ್ಯಾರ್ಥಿಗಳು ಓದುವುದು ಟಿ.ಡಿ. ಮೆಡಿಕಲ್ ಕಾಲೇಜಿನಲ್ಲಿ, ಈಗ ಸರ್ಕಾರದ್ದು. ಆ ಟಿ.ಡಿ. ಎಂದರೆ ತಿರುಮಲ ದೇವಸ್ವಂ. ಪೇಟೆ ಸುಲಿಗೆಯಾಗಿ ರಾತ್ರೋರಾತ್ರಿ ಊರು ಬಿಟ್ಟವರ ದೇವಸ್ಥಾನ 1963ರಲ್ಲಿ ಊರಿಗೊಂದು ಮೆಡಿಕಲ್ ಕಾಲೇಜು ತೆರೆಯಿತು.

ತಿರುವನಂತಪುರಕ್ಕೆ ನಮ್ಮ ಕಡೆಯಿಂದ ಹೋದವರ ಕಥೆ ಇಷ್ಟು ರಕ್ತಸಿಕ್ತವಲ್ಲ. ಪದ್ಮನಾಭಸ್ವಾಮಿ ದೇವಸ್ಥಾನದ ಪೂಜೆಗೆ ‘ನಂಬಿ’ಗಳಾಗಿ ಹೋಗುವವರು ತಲೆಮಾರುಗಳಿಂದ ಕಾಸರಗೋಡು, ದಕ್ಷಿಣ ಕನ್ನಡದ ಕಡೆಯ ಮನೆತನದವರು. ಚಂದ್ರಗಿರಿ ಹೊಳೆಯನ್ನು ಗಡಿ ಮಾಡಿ ಅವರನ್ನು ಅಕ್ಕರೆ ದೇಶಿ, ಇಕ್ಕರೆ ದೇಶಿ ಎಂದು ಎರಡು ಪಂಗಡ ಮಾಡಿದ್ದಾರೆ. ಕನ್ನಡದ ಕಿವಿಗೆ ಅಕ್ಕರೆ ಎಂದರೆ ಪ್ರೀತಿ. ಮಲಯಾಳಂನಲ್ಲಿ ಅದು ಆಚೆ ದಡ. ಆಚೆ ದಡದವರೇ ನಮಗೆ ಅಕ್ಕರೆಯವರಾದದ್ದು ಯಾರೂ ಬೇಕೆಂದು ಮಾಡಿದ್ದಲ್ಲ, ಆದರೂ ನನಗೆ ಇಷ್ಟ. ಸೇವೆಯ ಅವಧಿಯಲ್ಲಿ ಊರು ಬಿಟ್ಟು ಹೋಗುವಂತಿಲ್ಲ ಎಂಬ ಕಟ್ಟುಪಾಡಿನ ಈ ಕೆಲಸದಲ್ಲಿ, ಮನೆ ಬಡಗಿನ ತುದಿಯಲ್ಲಿ, ಬದುಕು ತೆಂಕಿನ ತುದಿಯಲ್ಲಿ.

1956ರ ನವೆಂಬರ್ 1ರಂದು ಚಂದ್ರಗಿರಿಯ ಎರಡೂ ದಡ ಕೇರಳಕ್ಕೆ ಸೇರಿದವು. ಅಂದಿನಿಂದ ಕಾಸರಗೋಡಿನ ಕನ್ನಡಿಗರಿಗೆ ರಾಜಧಾನಿಯೆಂದರೆ ತಿರುವನಂತಪುರ, ರೈಲಿನಲ್ಲಿ ಒಂದು ರಾತ್ರಿಯ ದಾರಿ. ವಲಸೆ ಹೋಗದೆಯೇ ಹೊಸ ರಾಜ್ಯದವರಾದವರು ಅವರು. ಅವರ ಕೈಯಲ್ಲೂ ಒಂದು ಕಾಗದ ಇದೆ, ಮತ್ತು ಈ ಕಾಗದ ನೆಲದ ಸರ್ಕಾರವೇ ಕೊಟ್ಟದ್ದು. ಕೇರಳದ 1969ರ ಅಧಿಕೃತ ಭಾಷೆಗಳ ಕಾನೂನಿನ ಪ್ರಕಾರ ರಾಜ್ಯದ ಕನ್ನಡ, ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿಗೂ ಇಲಾಖಾ ಮುಖ್ಯಸ್ಥರಿಗೂ ತಮ್ಮ ಭಾಷೆಯಲ್ಲೇ ಬರೆಯಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆ ಸ್ಥಳೀಯ ಕಚೇರಿಗಳಿಗೂ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು.

ಕಾಸರಗೋಡಿನಿಂದ ತಿರುವನಂತಪುರಕ್ಕೆ ಓದಲು ಹೋಗುವವರಲ್ಲಿ ಈ ಕಾನೂನು ಇರುವುದೇ ಗೊತ್ತಿಲ್ಲದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗೊತ್ತಿದ್ದವರಲ್ಲಿ ಕೆಲವರು ಮಲಯಾಳಂ ಒಂದಕ್ಷರ ಕಲಿಯುವುದಿಲ್ಲವೆಂದು ಹಟ ಹಿಡಿಯುತ್ತಾರೆ. ಎರಡೂ ನಷ್ಟವೇ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ಮೇಲ್ಗಡೆ 1969ರ ಕಾನೂನಿನ ಹೆಸರು ಕಾಣುವ ಹಾಗೆ ಹಾಕಿ. ಕಚೇರಿಯಲ್ಲಿ ಅದು ಯಾವ ಮೇಜಿಗೆ ಹೋಯಿತು, ಯಾವಾಗ ಬರಬೇಕು ಎಂದು ಕೇಳುವಾಗ ಮಲಯಾಳಂನಲ್ಲಿ ಕೇಳಿ. ಎದುರಿನ ಚೇಚಿಗೋ ಚೇಟನಿಗೋ ಊರು ಕಾಸರಗೋಡು ಎಂದೂ ಹೇಳಿ. ಬರುವಾಗ ನಕಲಿನ ಮೇಲೆ ತಾರೀಕಿನ ಮೊಹರು ಹಾಕಿಸಿಕೊಂಡು ಬನ್ನಿ.