ಕೋಲಾರದ ಚಿನ್ನವೂ ಸೈನೈಡ್ ದ್ರಾವಣವೂ

ನೈಟ್ರಿಕ್ ಆಮ್ಲದಲ್ಲಾಗಲಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಾಗಲಿ ಕರಗದ ಚಿನ್ನವು ಇವೆರಡರ ಮಿಶ್ರಣವಾದ ಅಕ್ವಾ ರೀಜಿಯಾದಲ್ಲಿ ಕರಗುತ್ತದೆಂಬುದು ರಸವಾದಿಗಳಿಗೆ ಶತಮಾನಗಳ ಹಿಂದೆಯೇ ತಿಳಿದಿದ್ದರೂ, ಟನ್ನಿಗೆ ಕೆಲವೇ ಗ್ರಾಂ ಚಿನ್ನವಿರುವ ಅದಿರಿಗೆ ಅಷ್ಟು ದುಬಾರಿಯಾದ ದ್ರಾವಕ ಹೊಂದುವಂತಿರಲಿಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ನಿರ್ವಹಣೆಯಲ್ಲಿ ಬೆಳೆದ ಕೋಲಾರದ ಗಣಿಗಳು ಮೊದಲಿಗೆ ಪಾದರಸವನ್ನೇ ನೆಚ್ಚಿದ್ದವು: ಪುಡಿಮಾಡಿದ ಬೆಣಚುಕಲ್ಲಿನ ರಾಡಿಯನ್ನು ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸಿದಾಗ ದಪ್ಪ ಕಣಗಳು ಅಂಟಿಕೊಳ್ಳುತ್ತಿದ್ದವು, ಸೂಕ್ಷ್ಮ ಕಣಗಳು ಮಾತ್ರ ಮರಳಿನೊಂದಿಗೆ ಹೊರಬೀಳುತ್ತಿದ್ದವು.

ಈ ನಷ್ಟವನ್ನು ತಡೆದದ್ದು 1887ರಲ್ಲಿ ಗ್ಲಾಸ್ಗೋದ ಜಾನ್ ಸ್ಟೂವರ್ಟ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಪೇಟೆಂಟ್ ಪಡೆದ ವಿಧಾನ. ಇದರಲ್ಲಿ ಪುಡಿಮಾಡಿದ ಅದಿರನ್ನು ಸೈನೈಡ್ ದ್ರಾವಣದಲ್ಲಿ ನೆನೆಸಲಾಗುತ್ತದೆ; ಗಾಳಿಯ ಆಮ್ಲಜನಕವು ಚಿನ್ನದ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಸಿದುಕೊಂಡೊಡನೆ, ಹಾಗೆ ಉಂಟಾದ ಅಯಾನನ್ನು, ಅಂದರೆ ವಿದ್ಯುದಾವೇಶವುಳ್ಳ ಕಣವನ್ನು, ಎರಡು ಸೈನೈಡ್ ಅಯಾನುಗಳು ಸುತ್ತುವರಿದು ನೀರಿನಲ್ಲಿ ಕರಗಿಯೇ ಇರುವಂತೆ ಹಿಡಿದಿಡುತ್ತವೆ. ದ್ರಾವಣ ಆಮ್ಲೀಯವಾದರೆ ವಿಷಾನಿಲವಾದ ಹೈಡ್ರೋಜನ್ ಸೈನೈಡ್ ಹೊರಬರುವುದರಿಂದ ಸುಣ್ಣ ಬೆರೆಸಿ ಕ್ಷಾರೀಯತೆಯನ್ನು ಕಾಯ್ದುಕೊಳ್ಳಲಾಗುತ್ತದೆ. ಕೊನೆಗೆ ಸತುವನ್ನು ಸೇರಿಸಿದಾಗ ಅದು ತಾನು ಕರಗಿ ಚಿನ್ನವನ್ನು ಗಟ್ಟಿರೂಪದಲ್ಲಿ ಕೆಳಗಿಳಿಸುತ್ತದೆ.

ಸೈನೈಡ್ ವಿಧಾನ ಬಳಕೆಗೆ ಬಂದ ಮೇಲೆ ಹಿಂದೆ ಕಸವೆಂದು ಸುರಿದಿದ್ದ ಮರಳಿನಿಂದಲೂ ಚಿನ್ನ ತೆಗೆಯಲು ಸಾಧ್ಯವಾಯಿತು. ಲಾಭದ ಲೆಕ್ಕದಲ್ಲಿ ಇದು ಜಾಣತನವೇ ಆದರೂ, ಅದರ ಹೊರೆಯನ್ನು ಹೊತ್ತದ್ದು ಸುತ್ತಲಿನ ನೆಲ ಮತ್ತು ಜನ ಎನ್ನದೆ ವಿಧಿಯಿಲ್ಲ. ಗಣಿಗಳು 2001ರಲ್ಲಿ ಮುಚ್ಚಿದವು. ಚಿನ್ನ ತೆಗೆದ ಮೇಲೆ ಉಳಿದ ಮರಳಿನ ರಾಶಿಗಳಾದ ಸೈನೈಡ್ ದಿಬ್ಬಗಳು ಇಂದಿಗೂ ಗಣಿಗಳ ಊರಾದ ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಪಟ್ಟಣದ ಮಗ್ಗುಲಲ್ಲೇ ಇವೆ, ಬಲವಾದ ಗಾಳಿಗೆ ಅವುಗಳ ನುಣ್ಣನೆಯ ದೂಳು ಮನೆಗಳವರೆಗೂ ಹಾರುತ್ತದೆ.